ಇಬ್ಬರ ಕೋಣೆಯಲ್ಲಿ ಒಬ್ಬರು

ಟೋಕಿಯೊದ ಶಿಬುಯಾ ನಿಲ್ದಾಣದಿಂದ ದೋಗೆನ್‌ಜಾಕಾ ಎಂಬ ಏರುದಾರಿ ಹಿಡಿದು ಪಕ್ಕದ ಓಣಿಗಳಿಗೆ ಹೊರಳಿದರೆ ಮಾರುಯಾಮಾಚೊ ಸಿಗುತ್ತದೆ. ಓಣಿಗಳು ಕಿರಿದು, ಕಟ್ಟಡಗಳು ಒತ್ತೊತ್ತು. ಬಾಗಿಲುಗಳ ಮುಂದೆ ಅಡ್ಡಗೋಡೆ. ಒಳಗೆ ಹೋಗುವವರು ಬೀದಿಗೆ ಕಾಣಬಾರದು ಎಂದು ಕಟ್ಟಿದ್ದು. ಹೊರಗಿನ ಫಲಕದಲ್ಲಿ ಎರಡು ದರ: ‘ರೆಸ್ಟ್’ ಅಂದರೆ ಎರಡು ಮೂರು ಗಂಟೆಯ ವಿಶ್ರಾಂತಿ, ‘ಸ್ಟೇ’ ಅಂದರೆ ಬೆಳಗಿನವರೆಗೆ ತಂಗುವುದು. ಜಪಾನೀಯರ ಬಾಯಲ್ಲಿ ಇದು ‘ರಾಬು ಹೊತೆರು’, ಇನ್ನೂ ಚುಟುಕಾಗಿ ‘ರಾಬುಹೊ’. ಲವ್ ಹೋಟೆಲ್. ಜೋಡಿಗಳಿಗಾಗಿಯೇ ಹುಟ್ಟಿದ ಜಾಗ. ಆದರೂ ವಾರದ ನಡುವಿನ ರಾತ್ರಿಗಳಲ್ಲಿ ಒಂದು ಕೈಚೀಲ, ಅಂಗಡಿಯಿಂದ ತಂದ ಅನ್ನದುಂಡೆ, ಓದದೆ ಉಳಿದ ಪುಸ್ತಕ ಹಿಡಿದು ಒಬ್ಬರೇ ಆ ಅಡ್ಡಗೋಡೆ ದಾಟುವವರಿದ್ದಾರೆ.

ಒಳಗೆ ಎದುರಾಗುವುದು ಮನುಷ್ಯರ ಮುಖವಲ್ಲ, ಗೋಡೆಯ ಮೇಲೆ ಸಾಲಾಗಿ ಕೂರಿಸಿದ ಕೋಣೆಗಳ ಫೋಟೊ. ಬೆಳಗುತ್ತಿರುವ ಚಿತ್ರ ಖಾಲಿ ಕೋಣೆಯದು, ಆರಿದ ಚಿತ್ರ ಜನರಿರುವ ಕೋಣೆಯದು. ಮನಸ್ಸಿಗೆ ಹಿಡಿಸಿದ ಕೋಣೆಯ ಗುಂಡಿ ಒತ್ತಿದರೆ ಅದರ ದೀಪ ಆರುತ್ತದೆ. ಲಿಫ್ಟ್ ಹತ್ತಿ ಹೋದರಾಯಿತು. ಕೌಂಟರ್ ಇರುವ ಕಡೆಯಲ್ಲೂ ಕೈಗಳಷ್ಟೇ ಕಾಣುವಂಥ ತಗ್ಗಾದ ಕಿಂಡಿ ಇಟ್ಟಿರುವುದುಂಟು. ಹಳೆಯ ಕೆಲವು ಹೋಟೆಲುಗಳಲ್ಲಿ ಹಣ ಗಾಳಿಕೊಳವೆಯಲ್ಲಿ ಓಡಾಡುತ್ತಿತ್ತು. ನೋಟುಗಳನ್ನು ಡಬ್ಬಿಯಲ್ಲಿ ಹಾಕಿ ಕೊಳವೆಗಿಟ್ಟರೆ ಸೊಂಯ್ಯೆಂದು ಕೆಳಗಿಳಿಯುತ್ತಿತ್ತು, ಚಿಲ್ಲರೆ ಅದೇ ದಾರಿಯಲ್ಲಿ ಮೇಲೆ ಬರುತ್ತಿತ್ತು. ಈಗ ಆ ಕೆಲಸವನ್ನು ಹಲವೆಡೆ ಕೋಣೆಯ ಬಾಗಿಲ ಬಳಿಯ ಯಂತ್ರ ಮಾಡುತ್ತದೆ. ಇಷ್ಟೆಲ್ಲ ಏರ್ಪಾಡು ಆದದ್ದು ಇಬ್ಬರ ಗುಟ್ಟು ಕಾಯಲು. ಒಬ್ಬರೇ ಬಂದವರಿಗೆ ಅದೇ ಏರ್ಪಾಡು ಬೇರೊಂದು ಉಪಕಾರ ಮಾಡುತ್ತದೆ. ‘ಒಬ್ಬರೇನಾ?’ ಎಂದು ಕೇಳುವವರೇ ಅಲ್ಲಿಲ್ಲ.

ಆ ಒಂದು ಪ್ರಶ್ನೆಯ ತೂಕ ಕನ್ನಡ ನಾಡಿನಲ್ಲಿ ಒಂಟಿಯಾಗಿ ಓಡಾಡುವ ಹೆಣ್ಣುಮಕ್ಕಳಿಗೆ ಚೆನ್ನಾಗಿ ಗೊತ್ತು. ಲಾಡ್ಜಿನ ಮೇಜಿನ ಮುಂದೆ ನಿಂತಾಗ ‘ಒಬ್ರೇನಾ? ಜೊತೆಗೆ ಯಾರೂ ಇಲ್ವಾ?’ ಎಂಬ ಮಾತು ಗುರುತಿನ ಚೀಟಿಗಿಂತ ಮೊದಲೇ ಬಂದುಬಿಡುತ್ತದೆ. ಕೇಳುವವರ ದನಿಯಲ್ಲಿ ಕಾಳಜಿ ಎಷ್ಟು, ಅನುಮಾನ ಎಷ್ಟು ಎಂದು ಅಳೆಯುವುದರಲ್ಲೇ ಪ್ರಯಾಣದ ಅರ್ಧ ದಣಿವು.

ಜಪಾನಿನಲ್ಲಿ ಈ ಬಗೆಯ ಜಾಗಗಳ ಬೇರು ಹಳೆಯದು. ಎದೊ ಕಾಲದಲ್ಲಿ, ಟೋಕಿಯೊಗೆ ಇನ್ನೂ ಆ ಹೆಸರು ಬರುವ ಮುನ್ನ, ಉಎನೊದ ಶಿನೊಬಾಜು ಎಂಬ ತಾವರೆಕೆರೆಯ ಸುತ್ತ ‘ದೇಅಯ್ ಚಾಯ’ಗಳಿದ್ದವು, ಹೆಸರಿಗೆ ಚಹಾದಂಗಡಿ, ನಿಜಕ್ಕೆ ಪ್ರೇಮಿಗಳು ಸೇರುವ ಮನೆ. 1930ರ ದಶಕದಲ್ಲಿ ಒಂದು ಯೆನ್ನಿಗೆ ಕೋಣೆ ಕೊಡುವ ‘ಎನ್‌ಶುಕು’ ಬಂದವು. ಯುದ್ಧ ಮುಗಿದ ಮೇಲೆ ಬಂದ ಸಣ್ಣ ವಸತಿಗೃಹಗಳು ಬಿಸಿನೀರಿನ ಬುಗ್ಗೆಯ ಗುರುತನ್ನು ಫಲಕಕ್ಕೆ ಹಾಕಿಕೊಂಡವು. ಮೂರು ಹಬೆಯ ಗೆರೆ ಮೇಲೇಳುವ ಆ ಗುರುತು ಜನರ ಕಣ್ಣಿಗೆ ತಲೆಕೆಳಗಾದ ಜೆಲ್ಲಿ ಮೀನಿನಂತೆ ಕಂಡು, ಆ ಮನೆಗಳಿಗೆ ‘ಸಾಕಾಸಾ ಕುರಾಗೆ’ ಎಂಬ ಅಡ್ಡಹೆಸರೇ ಅಂಟಿಕೊಂಡಿತು.

ಅಲ್ಲಿಗೆ ಹೋಗುತ್ತಿದ್ದವರೆಲ್ಲ ಕದ್ದು ಮುಚ್ಚಿ ಪ್ರೀತಿಸುವವರಲ್ಲ. ಮದುವೆಯಾಗಿ ಮಕ್ಕಳಾದವರೂ ಹೋಗುತ್ತಿದ್ದರು. ನಗರದ ಮನೆಗಳು ಸಣ್ಣವು. ಕೋಣೆಗಳ ನಡುವೆ ಕಾಗದ ಅಂಟಿಸಿದ ಜಾರುಬಾಗಿಲು, ಒಂದೇ ಚಾಪೆಯ ನೆಲದಲ್ಲಿ ಅತ್ತೆ ಮಾವ ಮಕ್ಕಳು. ಬಚ್ಚಲಿಲ್ಲದ ಮನೆಗಳೂ ಹೇರಳ, ಸ್ನಾನಕ್ಕೆ ‘ಸೆಂತೊ’ ಎಂಬ ಸಾರ್ವಜನಿಕ ಸ್ನಾನದ ಮನೆಗೆ ಹೋಗಬೇಕಿತ್ತು. ಬಾಗಿಲು ಹಾಕಿಕೊಳ್ಳಬಹುದಾದ ಕೋಣೆ, ಸ್ವಂತಕ್ಕೊಂದು ತೊಟ್ಟಿ ಬಿಸಿನೀರು: ಮನೆಯಲ್ಲಿ ಸಿಗದ ಈ ಎರಡನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಟ್ಟದ್ದರಿಂದ ಈ ವ್ಯಾಪಾರ ಬೆಳೆಯಿತು.

ಮಾರುಯಾಮಾಚೊ ಮೊದಲು ಗೇಯ್ಶಾಗಳ ಕೇರಿ. ಅದು ಹೋಟೆಲುಗಳ ಕೇರಿಯಾದ ಕಥೆಯಲ್ಲಿ ಒಂದು ಅಣೆಕಟ್ಟಿದೆ. ಗಿಫು ಪ್ರಾಂತದ ಮಿಬೊರೊ ಅಣೆಕಟ್ಟಿನ ಹಿನ್ನೀರಿಗೆ ಹಳ್ಳಿ ಬಿಟ್ಟುಕೊಟ್ಟ ಕೆಲವು ಕುಟುಂಬಗಳು ಪರಿಹಾರದ ಹಣ ತಂದು ಇಲ್ಲಿ ವಸತಿಗೃಹ ಕಟ್ಟಿದವು ಎನ್ನುತ್ತಾರೆ. ಶರಾವತಿಯ ಮುಳುಗಡೆ ಕಂಡ ನಾಡಿನವರಿಗೆ ಈ ಮಾತು ಒಳಗೆಲ್ಲೋ ತಾಗುತ್ತದೆ. ಮನೆ ಕಳೆದುಕೊಂಡವರು ಕಟ್ಟಿದ ಕೋಣೆಗಳಲ್ಲಿ, ಮನೆಯಲ್ಲಿ ಜಾಗ ಸಾಲದವರು ಒಂದೆರಡು ಗಂಟೆ ಉಸಿರಾಡಿದರು.

‘ಲವ್ ಹೋಟೆಲ್’ ಎಂಬ ಮಾತು ಹಬ್ಬಿದ್ದಕ್ಕೆ 1968ರ ಸುಮಾರಿಗೆ ಒಸಾಕಾದಲ್ಲಿ ತೆರೆದ ‘ಹೋಟೆಲ್ ಲವ್’ ಕಾರಣ ಎಂಬುದು ಸಾಮಾನ್ಯ ನಂಬಿಕೆ. 1973ರಲ್ಲಿ ಟೋಕಿಯೊದ ಮೆಗುರೊ ನದಿಯ ಬಳಿ ಯುರೋಪಿನ ಕೋಟೆಯಂತೆ ‘ಮೆಗುರೊ ಎಂಪರರ್’ ಎದ್ದಿತು. ಆಮೇಲೆ ಪೈಪೋಟಿ: ತಿರುಗುವ ಹಾಸಿಗೆ, ಕನ್ನಡಿಯ ಚಾವಣಿ, ಹಡಗಿನಂಥ ಕೋಣೆ. 1985ರಲ್ಲಿ ಜಾರಿಗೆ ಬಂದ ತಿದ್ದುಪಡಿಯಾದ ಕಾನೂನು ಇದಕ್ಕೆಲ್ಲ ಕಡಿವಾಣ ಹಾಕಿತು. ತಿರುಗುವ ಹಾಸಿಗೆಯೂ ಭಾರಿ ಕನ್ನಡಿಯೂ ಇರುವ ಹೋಟೆಲು ಪೊಲೀಸರ ನಿಗಾದ ಪಟ್ಟಿಗೆ ಸೇರತೊಡಗಿತು. ಹೊಸದಾಗಿ ಕಟ್ಟುವವರು ಹಾಸಿಗೆಯ ಚಮತ್ಕಾರ ಬಿಟ್ಟು ಬಚ್ಚಲಿಗೆ, ಕರಾವೊಕೆಗೆ, ಒಳ್ಳೆಯ ಊಟಕ್ಕೆ ಹಣ ಸುರಿದರು. ಕೋಣೆ ಆರಿಸುವ ಬೆರಳು ಹೆಚ್ಚಾಗಿ ಹೆಂಗಸರದ್ದು ಎಂಬುದನ್ನೂ ಕಂಡುಕೊಂಡರು. ಒಬ್ಬರೇ ಇದ್ದರೂ ಸುಖವಾಗಿರಬಹುದಾದ ಕೋಣೆ ಹೀಗೆ, ಯಾರೂ ಉದ್ದೇಶಿಸದೆ, ತಯಾರಾಯಿತು.

ಆ ಸುಖದ ನಡುಮನೆ ಬಚ್ಚಲು. ಜಪಾನಿನ ಸಾಮಾನ್ಯ ಬಿಸಿನೆಸ್ ಹೋಟೆಲಿನ ಬಚ್ಚಲಲ್ಲಿ ಮೊಣಕಾಲು ಮಡಚಿ ಕೂರಬೇಕು. ಕಮೋಡು, ಬೇಸಿನ್ನು, ತೊಟ್ಟಿ ಮೂರೂ ಒಂದೇ ಪ್ಲಾಸ್ಟಿಕ್ ಅಚ್ಚಿನೊಳಗೆ. ಇಲ್ಲಿ ಇಬ್ಬರಿಗೆಂದು ಮಾಡಿದ ತೊಟ್ಟಿಯಲ್ಲಿ ಒಬ್ಬರು ಕಾಲು ಚಾಚಿ ಮಲಗಬಹುದು. ಮೊದಲು ತೊಟ್ಟಿಯ ಹೊರಗೆ ಕೂತು ಮೈ ತೊಳೆದುಕೊಳ್ಳಬೇಕು, ಆಮೇಲೆ ಕುತ್ತಿಗೆಯವರೆಗೆ ಬಿಸಿನೀರಲ್ಲಿ ಮುಳುಗಬೇಕು. ಗುಂಡಿ ಒತ್ತಿದರೆ ನೀರು ಗುಳುಗುಳು ಎನ್ನುತ್ತದೆ, ನೀರಡಿಯ ದೀಪ ನೀಲಿಯಿಂದ ನೇರಳೆಗೆ ಹೊರಳುತ್ತದೆ. ಗೋಡೆಯಲ್ಲಿ ಟಿ.ವಿ. ಇರುವುದೂ ಉಂಟು. ಬುಟ್ಟಿಯಲ್ಲಿ ಬಗೆಬಗೆಯ ಸ್ನಾನದ ಪುಡಿ. ದೀಪಾವಳಿಯ ಹಿಂದಿನ ದಿನ ಹಂಡೆ ತೊಳೆದು ನೀರು ತುಂಬುವ ಮನೆಯಲ್ಲಿ ಬೆಳೆದವರಿಗೆ ಸ್ನಾನವೇ ಒಂದು ಹಬ್ಬವಾಗುವುದು ಹೇಗೆಂದು ವಿವರಿಸಬೇಕಿಲ್ಲ.

ಸ್ನಾನ ಮುಗಿದ ಮೇಲೆ ರಾತ್ರಿ ಉದ್ದವಾಗುತ್ತದೆ. ಅಡ್ಡಡ್ಡ ಮಲಗಿದರೂ ಅಂಚು ಸಿಗದ ಹಾಸಿಗೆ. ಮೆನು ನೋಡಿ ತರಿಸಿಕೊಂಡ ಬಿಸಿ ಬಿಸಿ ಉದೊನ್ ಶಾವಿಗೆ. ಗೋಡೆಗಳು ಶಬ್ದ ತಡೆಯುವಂತೆ ಕಟ್ಟಿದವು, ಹಾಗಾಗಿ ಕರಾವೊಕೆಯ ಮೈಕು ಹಿಡಿದು ಶ್ರುತಿ ತಪ್ಪಿದರೂ ಗಂಟಲು ಬಿಟ್ಟು ಹಾಡಬಹುದು. ಕಿಟಕಿ ಮಾತ್ರ ಮುಚ್ಚಿರುತ್ತದೆ. ಹೊರಗೆ ಮಳೆಯೋ ಬೆಳಕೋ ತಿಳಿಯುವುದಿಲ್ಲ. ದಿನವಿಡೀ ಇನ್ನೊಬ್ಬರ ಕಣ್ಣೆದುರು ಕೆಲಸ ಮಾಡಿದವರಿಗೆ ಆ ಮುಚ್ಚಿದ ಕಿಟಕಿಯೂ ಹಿತವೇ.

ಹೋಗುವವರು ತಿಳಿದಿರಬೇಕಾದ ಕಟ್ಟುಪಾಡುಗಳೂ ಇವೆ. ‘ಸ್ಟೇ’ ಶುರುವಾಗುವುದು ತಡವಾಗಿ, ಹಲವೆಡೆ ರಾತ್ರಿ ಎಂಟು ಒಂಬತ್ತರ ಮೇಲೆ; ಶನಿವಾರ ಇನ್ನೂ ತಡ, ದರವೂ ಹೆಚ್ಚು. ಬಾಡಿಗೆ ಕೋಣೆಗೇ ಹೊರತು ತಲೆಗಲ್ಲ, ಆದ್ದರಿಂದ ಒಬ್ಬರಿದ್ದರೂ ಇಬ್ಬರ ಹಣ. ಒಮ್ಮೆ ಒಳಗೆ ಹೋದ ಮೇಲೆ ನಡುವೆ ಹೊರಗೆ ಹೋಗಿಬರಲು ಬಿಡದ ಹೋಟೆಲುಗಳು ಬಹಳ. ಒಬ್ಬರೇ ಬಂದರೆ ಕೋಣೆ ಕೊಡದ ಹೋಟೆಲುಗಳೂ ಇವೆ. ನೊಂದ ಜೀವ ಒಳಗೆ ಏನಾದರೂ ಮಾಡಿಕೊಂಡೀತೆಂಬ ಅಂಜಿಕೆ ಅದರ ಹಿಂದಿದೆ. ಮುಂಚೆಯೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಆ ಅಂಜಿಕೆ ನಿಧಾನವಾಗಿ ಕರಗುತ್ತಿರುವುದಕ್ಕೆ ಕಾರಣ ದೇಶವೇ ಬದಲಾದದ್ದು. 1980ರ ಜನಗಣತಿಯಲ್ಲಿ ಜಪಾನಿನ ಐದು ಮನೆಗಳಲ್ಲಿ ಒಂದು ಒಬ್ಬರೇ ಇರುವ ಮನೆ; 2020ರ ಹೊತ್ತಿಗೆ ಅದು ಶೇ 38. ರಾಮೆನ್ ಸವಿಯಲು ಎಡಬಲಕ್ಕೆ ಹಲಗೆ ಅಡ್ಡ ಇಟ್ಟ ಇಚಿರಾನ್ ಅಂಗಡಿ, 2018ರಲ್ಲಿ ಟೋಕಿಯೊದ ಶಿಂಬಾಶಿಯಲ್ಲಿ ಒಬ್ಬರಿಗೊಂದು ಒಲೆಯಿಟ್ಟು ಶುರುವಾದ, ಮಾಂಸ ಸುಟ್ಟು ತಿನ್ನುವ ಯಾಕಿನಿಕು ಲೈಕ್ ಅಂಗಡಿ, ಒಬ್ಬರೇ ಹಾಡುವ ಕರಾವೊಕೆ ಗೂಡುಗಳು ಎಲ್ಲವೂ ಈ ಬದಲಾವಣೆಯ ಮಕ್ಕಳು. ಟೋಕಿಯೊದ ಬಾಲಿಯಾನ್ ಹೋಟೆಲು ಗೆಳತಿಯರ ಕೂಟಕ್ಕೆಂದೇ ಬಾಲಿ ದ್ವೀಪದ ಅಲಂಕಾರದ ಕೋಣೆಗಳನ್ನು ಕೊಟ್ಟು ಹೆಸರಾಯಿತು. 2020ರ ಸೋಂಕಿನ ಕಾಲದಲ್ಲಿ ಕೆಲವು ಲವ್ ಹೋಟೆಲುಗಳು ಹಗಲು ಹೊತ್ತು ಲ್ಯಾಪ್‌ಟಾಪ್ ಹಿಡಿದು ಬರುವವರಿಗೆ ಕೋಣೆ ಕೊಟ್ಟವು.

ಇಂಥವರಿಗೆ ಜಪಾನಿ ಭಾಷೆಯಲ್ಲಿ ಒಂದು ಪದವಿದೆ: ‘ಒಹಿತೊರಿಸಾಮಾ’. ‘ಹಿತೊರಿ’ ಅಂದರೆ ಒಬ್ಬ ವ್ಯಕ್ತಿ. ಹಿಂದೆ ಮುಂದೆ ಇರುವ ‘ಒ’, ‘ಸಾಮಾ’ ಎರಡೂ ಗೌರವದ ಅಕ್ಷರಗಳು. ಸಮಾಜಶಾಸ್ತ್ರಜ್ಞೆ ಉಎನೊ ಚಿಜುಕೊ ಒಂಟಿ ಮುಪ್ಪಿನ ಬಗ್ಗೆ 2007ರಲ್ಲಿ ಬರೆದು ಬಹಳ ಜನ ಓದಿದ ಪುಸ್ತಕದ ಹೆಸರಿನಲ್ಲೂ ಈ ಪದವಿದೆ. ಕನ್ನಡದ ‘ಒಂಟಿ’ಗೆ ಮರುಕದ ಬಣ್ಣ ಹತ್ತಿದೆ. ಆದರೆ ‘ಒಬ್ಬರು’ ಎನ್ನುವಾಗ ಕನ್ನಡವೂ ಒಂದಕ್ಕೆ ಬಹುವಚನ ತೊಡಿಸಿ ಮಣೆ ಹಾಕುತ್ತದೆ. ಪದ ನಮ್ಮಲ್ಲೂ ಇದೆ. ಕೋಣೆ ಇನ್ನೂ ಬರಬೇಕು.

ಈ ಕೋಣೆಗಳ ಹಿಂದೆ ಕಾಣದ ಕೈಗಳಿವೆ. ಹೊಕ್ಕೈಡೊದ ಕುಶಿರೊ ಊರಿನ ಲೇಖಕಿ ಸಾಕುರಾಗಿ ಶಿನೊ ಅವರ ತಂದೆ ‘ಹೋಟೆಲ್ ರಾಯಲ್’ ಎಂಬ ಲವ್ ಹೋಟೆಲು ನಡೆಸುತ್ತಿದ್ದರು. ಹದಿಹರೆಯದಲ್ಲಿ ಆಕೆ ಅಲ್ಲಿ ಕೋಣೆ ಶುಚಿ ಮಾಡಲು ನೆರವಾದವರು. ಅದೇ ಹೆಸರಿಟ್ಟ ಅವರ ಏಳು ಕಥೆಗಳ ಪುಸ್ತಕಕ್ಕೆ 2013ರಲ್ಲಿ ನಾವೊಕಿ ಪ್ರಶಸ್ತಿ ಬಂತು. ಬಂದುಹೋದವರ ಮುಖ ನೋಡದೆ, ಬಿಟ್ಟುಹೋದ ಗುರುತುಗಳಿಂದ ಬದುಕನ್ನು ಊಹಿಸುವ ಕಣ್ಣು ಇಂಥ ಕೆಲಸದಿಂದಲೇ ಬರುವಂಥದ್ದು.

ಬೆಳಿಗ್ಗೆ ಹತ್ತು ಗಂಟೆ. ಬಾಗಿಲ ಬಳಿಯ ಯಂತ್ರ ನೋಟು ನುಂಗಿ, ದನಿಮುದ್ರಿತ ಹೆಣ್ಣುದನಿಯಲ್ಲಿ ಧನ್ಯವಾದ ಹೇಳುತ್ತದೆ, ಬೀಗ ಬಿಚ್ಚಿಕೊಳ್ಳುತ್ತದೆ. ಲಿಫ್ಟ್ ಕೆಳಗಿಳಿದ ಮೇಲೆ ಕೆಲಸದಾಕೆ ಕೋಣೆಗೆ ಬರುತ್ತಾಳೆ. ಎರಡು ಹಲ್ಲುಜ್ಜುವ ಬ್ರಷ್ಷುಗಳಲ್ಲಿ ಒಂದರ ಹೊದಿಕೆ ಹರಿದಿಲ್ಲ. ಎರಡು ದಿಂಬುಗಳಲ್ಲಿ ಒಂದರ ಮೇಲೆ ಪುಸ್ತಕ ಇಟ್ಟ ತಗ್ಗು. ಆಕೆ ಹಾಸು ಬದಲಿಸಿ, ತೊಟ್ಟಿ ಉಜ್ಜಿ, ಹೊಸ ಬ್ರಷ್ಷು ಒಂದೇ ಇಡುತ್ತಾಳೆ. ಕೆಳಗೆ ಗೋಡೆಯ ಮೇಲೆ ಆ ಕೋಣೆಯ ಚಿತ್ರ ಮತ್ತೆ ಹೊತ್ತಿಕೊಳ್ಳುತ್ತದೆ.