ದಹಿಸರ್‌ನಲ್ಲೊಂದು ಅಡುಗೆಮನೆ

ಚರ್ಚ್‌ಗೇಟಿನಿಂದ ಉತ್ತರಕ್ಕೆ ಹೋಗುವ ಲೋಕಲ್ ಗಾಡಿಯಲ್ಲಿ ಬೊರಿವಲಿ ದಾಟಿದೊಡನೆ ದಹಿಸರ್. ಮುಂಬಯಿ ಮಹಾನಗರಪಾಲಿಕೆಯ ಗಡಿಯೊಳಗೆ ಈ ಮಾರ್ಗದ ಕೊನೆಯ ಸ್ಟೇಷನ್ ಇದೇ. ಮುಂದಿನ ಮೀರಾರೋಡ್ ಠಾಣಾ ಜಿಲ್ಲೆಗೆ ಸೇರಿದ್ದು. ತುಳಸಿ ಸರೋವರದ ಕಾಡಿನಿಂದ ಇಳಿದುಬರುವ ದಹಿಸರ್ ನದಿ ಊರನ್ನು ಹಾದು ಕಡಲ ಕಡೆಗೆ ಸಾಗುತ್ತದೆ. 2022ರ ಏಪ್ರಿಲಿನಲ್ಲಿ ಮೆಟ್ರೋ ಬಂದ ಮೇಲಂತೂ ‘ಊರಾಚೆಯ ದಹಿಸರ್’ ಎನ್ನುವ ಮಾತಿಗೆ ಅರ್ಥ ಉಳಿದಿಲ್ಲ.

ಕಳೆದ ಭಾನುವಾರ ಅಲ್ಲಿ ತಂಗಿಯ ಮನೆಗೆ ಹೋಗಿದ್ದೆ. ಹಳೆಯ ಕಟ್ಟಡ ಕೆಡವಿ ಕಟ್ಟಿದ ಹೊಸದರಲ್ಲಿ ಅವರಿಗೆ ಮನೆ ಸಿಕ್ಕಿದೆ. ಅಡುಗೆಮನೆಗೆ ಕಪಾಟುಗಳು ಆಗಬೇಕು. ಅವಳ ಅತ್ತೆಯವರು ಕುಂದಾಪುರದ ಕಡೆಯ ಮನೆಗೆ ಬೀಗ ಹಾಕಿ ಬಂದಿದ್ದಾರೆ. ಇನ್ನು ಅವರ ವಾಸವೂ ಇಲ್ಲೇ.

ಕಪಾಟಿನ ನಮೂನೆ ತೋರಿಸಲು ಒಬ್ಬ ತರುಣ ಬಂದಿದ್ದ. ಮೊಬೈಲನ್ನು ಬರಿಗೋಡೆಗೆ ಹಿಡಿದ, ಏನಾಶ್ಚರ್ಯ! ಅದರ ಪರದೆಯಲ್ಲಿ ನಮ್ಮ ಗೋಡೆಗೇ ನೀಲಿ ಕಪಾಟುಗಳು ಬಂದು ನಿಂತವು. ಬೆರಳು ತಾಗಿಸಿದರೆ ಬಣ್ಣ ಬೇರೆ, ಬಾಗಿಲು ಬೇರೆ. ಇರುವ ಜಾಗದಲ್ಲಿ ಇಲ್ಲದ ವಸ್ತುವನ್ನು ಬೆರೆಸಿ ತೋರಿಸುವ ಈ ವಿದ್ಯೆಗೆ ಮಿಕ್ಸೆಡ್ ರಿಯಾಲಿಟಿ ಎನ್ನುತ್ತಾರೆ. 1994ರಲ್ಲಿ ಮಿಲ್‌ಗ್ರಾಮ್ ಮತ್ತು ಕಿಶಿನೋ ಬರೆದ ಲೇಖನದಿಂದ ಆ ಹೆಸರು ಬಳಕೆಗೆ ಬಂತು.

ಆದರೆ ಒಂದು ತೊಡಕು. ಅಂಗೈಯಗಲದ ಪರದೆ, ತಂಗಿ ನೋಡಿದರೆ ಭಾವನಿಗೆ ಕಾಣದು, ಭಾವ ನೋಡಿದರೆ ನನಗೆ ಕಾಣದು. ಅತ್ತೆಯವರು ಮೂಲೆಯ ಸ್ಟೂಲಿನಲ್ಲಿ ಕುಳಿತು, “ನಿಮ್ಗ್ ಸರಿ ಕಂಡಂಗ್ ಮಾಡಿ” ಎಂದು ಸುಮ್ಮನಾದರು.

ಜೊತೆಗೆ ಬಂದಿದ್ದ ಮುದುಕ ಬಡಗಿ ಮಾತಾಡಲಿಲ್ಲ. ಟೇಪು ಹಿಡಿದು, ನೆಲದ ಮೇಲೂ ಗೋಡೆಯ ಮೇಲೂ ಸೀಮೆಸುಣ್ಣದಿಂದ ನಿಜವಾದ ಅಳತೆಯಲ್ಲೇ ಗೆರೆ ಎಳೆದ. ಅತ್ತೆಯವರು ಎದ್ದರು. ಗೆರೆಯೊಳಗೆ ನಿಂತು ಕೈ ಮೇಲೆತ್ತಿದರು. ಕಪಾಟಿನ ಹಲಗೆಯ ಗುರುತು ಬೆರಳಿಗೆ ಎಟುಕಲಿಲ್ಲ.

“ಅಕ್ಕಿ ಡಬ್ಬಿ ಅಲ್ಲಿಟ್ರೆ ತೆಗುಕೆ ಯಾರನ್ನ ಕರೀಲಿ?”

ಎಲ್ಲರೂ ಒಮ್ಮೆಗೇ ಮಾತಾಡತೊಡಗಿದೆವು. ಗೆರೆ ಅಳಿಸಿತು, ಕೆಳಗಿಳಿಯಿತು. ತರುಣನೂ ಹಟಮಾರಿಯಲ್ಲ, ಹೊಸ ಅಳತೆಯನ್ನು ಮೊಬೈಲಿಗೆ ಹಾಕಿ ಅತ್ತೆಯವರ ಕೈಗೇ ಕೊಟ್ಟ. ನೀಲಿ ಬೇಡವೆಂದು ಅವರು ಕೆಸುವಿನೆಲೆಯ ಹಸಿರನ್ನು ಆರಿಸಿದರು.

ಒಂದೇ ಕೋಣೆಯಲ್ಲಿ ನಿಂತ ಹಲವರು, ತಂತಮ್ಮ ಜಾಗದಿಂದ ಒಂದೇ ವಸ್ತುವನ್ನು ಕಾಣಬಲ್ಲ ಕನ್ನಡಕಗಳೂ ಇವೆ. 2016ರಲ್ಲಿ ಬಂದ ಹೋಲೋಲೆನ್ಸ್ ಅಂಥದು. ಆಗ ಅದರ ಬೆಲೆ 3,000 ಡಾಲರ್. 2024ರಲ್ಲಿ ಅದರ ತಯಾರಿಕೆಯೇ ನಿಂತಿತು. ಮುಂದೆ ಅಗ್ಗದವು ಬಂದಾವು, ಬರಲಿ. ಅಲ್ಲಿಯವರೆಗೆ ಮನೆ ಮಾಡಿಸುವವರು ಮೊಬೈಲಿನ ಜೊತೆಗೆ ಒಂದು ತುಂಡು ಸೀಮೆಸುಣ್ಣವನ್ನೂ ಇಟ್ಟುಕೊಳ್ಳಲಿ. ಆ ಕಟ್ಟೆಯ ಮುಂದೆ ದಿನವೂ ನಿಲ್ಲುವವರನ್ನೇ ಮೊದಲು ನಿಲ್ಲಿಸಿ ನೋಡಲಿ.

ಹೊರಟಾಗ ಅತ್ತೆಯವರು ಬಾಗಿಲ ತನಕ ಬಂದರು. “ಬೇಸಿಗೆಗೆ ಬನ್ನಿ. ಹಲಸಿನ ಹಪ್ಪಳ ಕೆಳಗಿನ ಕಪಾಟಲ್ಲೇ ಇರುತ್ತೆ” ಎಂದರು.