ಪಟ್ಟಿಯಲ್ಲಿ ನಮ್ಮ ಹೆಸರಿತ್ತು

ನಾವು ಶಿವಮೊಗ್ಗ ತಾಲ್ಲೂಕಿನ ಸದಾಶಿವಪುರದ ಹಕ್ಕಿಪಿಕ್ಕಿಗಳು. ಮನೆಯೊಳಗೆ ವಾಗ್ರಿ ಮಾತು, ಹೊರಗೆ ಕನ್ನಡ. ತಾತನ ಕಾಲದವರು ಬಲೆ ಹಾಕಿ ಕೌಜುಗ ಹಿಡಿದು ಬದುಕಿದವರು. 1972ರಲ್ಲಿ ವನ್ಯಜೀವಿ ಕಾಯ್ದೆ ಬಂದ ಮೇಲೆ ಆ ಕಸುಬು ಅಪರಾಧವಾಯಿತು. ಅವ್ವನ ಕಾಲಕ್ಕೆ ಸೂಜಿ, ಪಿನ್ನು, ಮಣಿಸರ, ಪ್ಲಾಸ್ಟಿಕ್ ಹೂವಿನ ವ್ಯಾಪಾರ. ಅವಳು ನನ್ನನ್ನು ಕಂಕುಳಲ್ಲಿ ಎತ್ತಿಕೊಂಡು ಬಸ್ಸು ಹತ್ತಿ ಭದ್ರಾವತಿಗೆ ಹೋಗುತ್ತಿದ್ದಳು. ಉಕ್ಕಿನ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ, ಪೇಪರ್ ಟೌನಿನಲ್ಲಿ ಸಂಬಳ ಆದ ವಾರ ಸರಗಳು ಚೆನ್ನಾಗಿ ಹೋಗುತ್ತಿದ್ದವು. ಕಾರ್ಖಾನೆಯ ಸಂಬಳ ಕಾರ್ಖಾನೆಯವರ ಮನೆಯಲ್ಲಷ್ಟೇ ಉಳಿಯುವುದಿಲ್ಲ, ನಮ್ಮಂಥವರ ಒಲೆಯವರೆಗೂ ಬರುತ್ತದೆ. 2015ರಲ್ಲಿ ಎಂಪಿಎಂ ಕಾಗದ ಕಾರ್ಖಾನೆ ನಿಂತಿತು. 2023ರ ಆರಂಭದಲ್ಲಿ ಉಕ್ಕಿನ ಕಾರ್ಖಾನೆಯಾದ ವಿಐಎಸ್‌ಎಲ್ ಮುಚ್ಚುವ ತೀರ್ಮಾನವಾಗಿ ಗುತ್ತಿಗೆ ಕಾರ್ಮಿಕರು ಧರಣಿ ಕೂತರು. ಅಷ್ಟು ಹೊತ್ತಿಗಾಗಲೇ ಆ ಬೀದಿಗಳಲ್ಲಿ ನಮ್ಮ ಬುಟ್ಟಿ ಇಳಿಸಿಕೊಳ್ಳುವವರು ಕಡಿಮೆಯಾಗಿದ್ದರು.

ಹಾಗಾಗಿ ನಮ್ಮವರು ಆಫ್ರಿಕಾಕ್ಕೆ ಹೋಗುವುದು. ಟಿವಿಯವರು ಕೇಳಿದಂತೆ ‘ಅಷ್ಟು ದೂರ ಯಾಕೆ ಹೋದಿರಿ’ ಎಂದು ಕೇಳುವವರಿಗೆ ಇದಕ್ಕಿಂತ ಬೇರೆ ಉತ್ತರ ನನ್ನಲ್ಲಿಲ್ಲ. ನಾವು ಬೇರು, ಸೊಪ್ಪು ಹಾಕಿ ಕಾಯಿಸಿದ ತಲೆಗೆಣ್ಣೆ, ಮೈಕೈ ನೋವಿನ ಎಣ್ಣೆ ಮಾರುತ್ತೇವೆ, ಮಾಲೀಸು ಮಾಡುತ್ತೇವೆ. ಇಲ್ಲಿ ಬಾಟಲಿ ಕೊಳ್ಳಲು ಹತ್ತು ಸಲ ಚೌಕಾಸಿ ಮಾಡುತ್ತಾರೆ. ಅಲ್ಲಿ ಕೊಳ್ಳುತ್ತಾರೆ. ನಾವು ಹೋಗಿದ್ದ ಸುಡಾನಿನ ಹೆಂಗಸರಿಗೆ ಎಣ್ಣೆಯ ಬೆಲೆ ಗೊತ್ತು. ಕರ್ಕರ್ ಎಂಬ ತಮ್ಮದೇ ತಲೆಗೆಣ್ಣೆ ಅವರಿಗಿದೆ. ಮದುವೆ ಹೆಣ್ಣಿಗೆ ಹಿಟ್ಟು, ಸುಗಂಧ ಕಲಸಿ ಮೈ ಉಜ್ಜುತ್ತಾರೆ. ನಾವು ಕೂದಲಿಗೆ ಎಣ್ಣೆ ಹಚ್ಚುವಾಗ ಅವರು ನಮ್ಮ ಕೈಯನ್ನೇ ನೋಡುತ್ತಾ ಕೂರುತ್ತಿದ್ದರು.

ಹೋಗುವುದಕ್ಕೆ ದುಡ್ಡು ಬೇಕಲ್ಲ. ಟಿಕೆಟ್ಟು, ವೀಸಾ, ಎಣ್ಣೆಯ ಸಾಮಾನು ಎಲ್ಲಕ್ಕೂ ಸಾಲ. ಬ್ಯಾಂಕು ನಮಗೆ ಕೊಡುವುದಿಲ್ಲ. ಕೈಸಾಲ, ನೂರಕ್ಕೆ ಐದರಂತೆ ತಿಂಗಳ ಬಡ್ಡಿ. ಮಕ್ಕಳನ್ನು ಅತ್ತೆಯ ಹತ್ತಿರ ಬಿಟ್ಟು ನಾನೂ ನಮ್ಮ ಯಜಮಾನರೂ ಹೊರಟೆವು. ಬಾಡಿಗೆ ಮನೆ ಖಾರ್ಟೂಮಿನಲ್ಲಿ, ವಿಮಾನ ನಿಲ್ದಾಣದಿಂದ ತುಂಬಾ ದೂರವಲ್ಲದ ಬೀದಿ. ಬೀದಿಯುದ್ದಕ್ಕೂ ಬೇವಿನ ಮರ. ಮರದ ಬುಡದಲ್ಲಿ ದಾರಿಹೋಕರಿಗೆಂದು ಮಣ್ಣಿನ ಹರವಿಯಲ್ಲಿ ನೀರು ಇಟ್ಟಿರುತ್ತಾರೆ, ಯಾರನ್ನೂ ಕೇಳದೆ ಕುಡಿಯಬಹುದು. ನೀಲಿ ನೈಲ್, ಬಿಳಿ ನೈಲ್ ಅಲ್ಲೇ ಸೇರುತ್ತವೆ. ನಮ್ಮ ತುಂಗಾ, ಭದ್ರಾ ಕೂಡ್ಲಿಯಲ್ಲಿ ಕೂಡುವ ಹಾಗೆಯೇ, ಎರಡು ಬಣ್ಣದ ನೀರು ಸ್ವಲ್ಪ ದೂರ ಬೇರೆಬೇರೆಯಾಗಿ ಹರಿದು ಆಮೇಲೆ ಬೆರೆಯುತ್ತದೆ. ಅದನ್ನು ನೋಡಿದ ದಿನ ನನಗೆ ಊರು ಹತ್ತಿರವಿದೆ ಅನ್ನಿಸಿತ್ತು.

ಪಕ್ಕದ ಮನೆಯಲ್ಲಿ ಸೋಮಾಲಿಯಾದ ಒಂದು ಸಂಸಾರ. ತಾಯಿ, ಇಬ್ಬರು ಹೆಣ್ಣುಮಕ್ಕಳು, ಖಾರ್ಟೂಮಿನ ಅಂತರರಾಷ್ಟ್ರೀಯ ಆಫ್ರಿಕಾ ವಿಶ್ವವಿದ್ಯಾಲಯದಲ್ಲಿ ಓದುವ ಮಗ. ಆ ಕಾಲೇಜಿಗೆ ಸೋಮಾಲಿ ಹುಡುಗರು ಬಹಳ ಮಂದಿ ಬರುತ್ತಿದ್ದರು. ಈ ಹುಡುಗ ಸಿನಿಮಾ ನೋಡಿಯೇ ಹಿಂದಿ ಕಲಿತಿದ್ದ, ನಮ್ಮ ಮಾತು ಅವನ ಮೂಲಕವೇ ನಡೆಯುತ್ತಿತ್ತು. ತಾಯಿಯನ್ನು ಮಕ್ಕಳು ಹೂಯೋ ಎಂದು ಕರೆಯುತ್ತಿದ್ದರು. ಕೇಳಿ ಕೇಳಿ ನಾನೂ ಹಾಗೇ ಕರೆದೆ. ಅವಳು ಹುಟ್ಟಿದ್ದು ಮೊಗಾದಿಶುವಿನಲ್ಲಿ. 1991ರಲ್ಲಿ ಸಿಯಾದ್ ಬರ್ರೆಯ ಸರ್ಕಾರ ಬಿದ್ದು ಕುಲಕುಲಗಳ ನಡುವೆ ಹೊಡೆದಾಟ ಶುರುವಾದಾಗ ಸಣ್ಣ ಹುಡುಗಿ. ನಡೆದುಕೊಂಡು, ಲಾರಿ ಹತ್ತಿ ಕೀನ್ಯಾದ ದದಾಬ್ ಶಿಬಿರ ಸೇರಿದರಂತೆ. ಡೇರೆಯಲ್ಲೇ ದೊಡ್ಡವಳಾಗಿ, ಡೇರೆಯಲ್ಲೇ ಮದುವೆಯಾದವಳು. ಹೊರದೇಶದಲ್ಲಿರುವ ತಮ್ಮ ಕಳಿಸುವ ದುಡ್ಡಿನಲ್ಲಿ ಮಗನ ಓದು, ಮನೆಯ ಬಾಡಿಗೆ ಎಲ್ಲ ನಡೆಯುತ್ತಿತ್ತು. ಸೋಮಾಲಿಯಾದಲ್ಲೇ ಉಳಿದ ಅಣ್ಣನಿಗೆ ಮೇಕೆ, ಒಂಟೆ ಇದ್ದವು. 2020ರಿಂದೀಚೆಗೆ ಸಾಲಾಗಿ ಐದು ಮಳೆಗಾಲ ಕೈಕೊಟ್ಟು ಅವೂ ಸತ್ತವು. ಹಳ್ಳಿಯಲ್ಲಿ ಉಗ್ರರ ಗುಂಪಾದ ಅಲ್ ಶಬಾಬ್‌ನವರು ಬಂದು ಬೆಳೆಗೆ, ದನಕ್ಕೆ ತೆರಿಗೆ ಎತ್ತುತ್ತಾರೆ, ಕೊಡದಿದ್ದರೆ ಜೀವ ಹೋಗುತ್ತದೆ. ನಗರಕ್ಕೆ ಹೋದರೆ ಬಾಂಬು. 2017ರ ಅಕ್ಟೋಬರ್‌ನಲ್ಲಿ ಮೊಗಾದಿಶುವಿನ ಒಂದು ಕೂಡುರಸ್ತೆಯಲ್ಲಿ ಲಾರಿ ಸಿಡಿದು 500ಕ್ಕೂ ಹೆಚ್ಚು ಜನ ಸತ್ತಿದ್ದನ್ನು ಆ ಹುಡುಗ ಹೇಳಿದ. ಅಷ್ಟು ದೊಡ್ಡ ಸುದ್ದಿ ನಾನು ಅವತ್ತೇ ಮೊದಲು ಕೇಳಿದ್ದು.

2023ರ ಏಪ್ರಿಲ್ 15, ಶನಿವಾರ. ರಂಜಾನ್ ತಿಂಗಳು. ಬೆಳಿಗ್ಗೆ ಎಣ್ಣೆ ಬಾಟಲಿ ತುಂಬುತ್ತಿದ್ದಾಗ ಗುಡುಗಿದ ಹಾಗಾಯಿತು. ಮೋಡವೇ ಇರಲಿಲ್ಲ. ಅಲ್ಲಿನ ಸೇನೆಗೂ ಆರ್‌ಎಸ್‌ಎಫ್ ಎಂಬ ಇನ್ನೊಂದು ಪಡೆಗೂ ಕದನ ಹತ್ತಿತ್ತು. ಒಂದಕ್ಕೆ ಬುರ್ಹಾನ್ ಯಜಮಾನ, ಇನ್ನೊಂದಕ್ಕೆ ಹೆಮೆಡ್ತಿ. ಇಬ್ಬರೂ ಸೇರಿ ಅಧಿಕಾರ ಹಿಡಿದವರು, ಹಂಚಿಕೊಳ್ಳುವಾಗ ಜಗಳವಾಡಿದರು. ವಿಮಾನ ನಿಲ್ದಾಣದ ಕಡೆಯಿಂದ ಕಪ್ಪು ಹೊಗೆ ಎದ್ದಿತು.

ನಮಗೆ ಏನು ಮಾಡಬೇಕೆಂದೇ ತಿಳಿಯಲಿಲ್ಲ. ಹೂಯೋಗೆ ತಿಳಿದಿತ್ತು. ಬಾಗಿಲು ಬಡಿದು ಒಳಗೆ ಬಂದವಳೇ ನಲ್ಲಿ ಬಿಟ್ಟಳು. ಬಕೆಟ್ಟು, ಪಾತ್ರೆ, ಎಣ್ಣೆಯ ಖಾಲಿ ಕ್ಯಾನು, ಕಡೆಗೆ ಲೋಟಗಳವರೆಗೆ ಎಲ್ಲಕ್ಕೂ ನೀರು ತುಂಬಿಸಿದಳು. ಹಾಸಿಗೆಗಳನ್ನು ಕಿಟಕಿಗೆ ಒರಗಿಸಿ ನಿಲ್ಲಿಸಿದಳು. ಹೊರಗೋಡೆಗೆ ತಾಗದ, ಮನೆಯ ನಡುವಿನ ಓಣಿಯಲ್ಲಿ ಮಲಗಬೇಕು, ಚಪ್ಪಲಿ ತಲೆದಿಂಬಿನ ಪಕ್ಕದಲ್ಲೇ ಇರಬೇಕು, ಪಾಸ್‌ಪೋರ್ಟನ್ನು ಮೈಮೇಲೆ ಕಟ್ಟಿಕೊಂಡಿರಬೇಕು ಎಂದಳು. ನನ್ನ ಲಂಗದ ಅಂಚು ಬಿಚ್ಚಿ ದುಡ್ಡು ಇಟ್ಟು ಅವಳೇ ಹೊಲಿದಳು. ಒಂದೇ ಕಡೆ ಎಲ್ಲ ಇಡಬೇಡ, ತಡೆದವರಿಗೆ ಕೊಡಲು ಸ್ವಲ್ಪ ಕೈಯಲ್ಲೂ ಇರಲಿ ಎಂದಳು. ಸಂಜೆಯ ಹೊತ್ತಿಗೆ ನಲ್ಲಿ ನಿಂತೇ ಹೋಯಿತು. ಕರೆಂಟೂ ಹೋಯಿತು. ಆಮೇಲೆ ನಾವು ಬದುಕಿದ್ದು ಅವಳು ತುಂಬಿಸಿದ ನೀರಿನಲ್ಲಿ.

ರಾತ್ರಿ ಗುಂಡಿನ ಸದ್ದು. ಹಗಲು ವಿಮಾನ. ಬ್ರೆಡ್ಡಿನ ಅಂಗಡಿ ತೆರೆದ ಹೊತ್ತಿಗೆ ಓಡಬೇಕು, ಓಡಿದವರು ವಾಪಸು ಬರುವವರೆಗೆ ಉಸಿರು ಹಿಡಿದು ಕೂರಬೇಕು. ನಮ್ಮ ಯಜಮಾನರು ಒಂದು ದಿನ ಮಧ್ಯಾಹ್ನ ಹೋದವರು ಕತ್ತಲಾದರೂ ಬರಲಿಲ್ಲ. ದಾರಿಯಲ್ಲಿ ಬಂದೂಕಿನವರು ತಡೆದು ಫೋನು, ಕೈಯಲ್ಲಿದ್ದ ದುಡ್ಡು ಕಿತ್ತುಕೊಂಡಿದ್ದರು. ಆ ಬೀದಿಯ ಒಬ್ಬ ಮುದುಕ ಅವರನ್ನು ತನ್ನ ಮನೆಯೊಳಗೆ ಕರೆದು, ಗುಂಡು ನಿಂತ ಮೇಲೆ ಹಿಂದಿನ ಓಣಿಯಿಂದ ತಂದು ಬಿಟ್ಟ. ತಮಗೇ ಇಲ್ಲದ ಹೊತ್ತಿನಲ್ಲಿ ಬೇಯಿಸಿದ ಕಾಳು, ಎರಡು ರೊಟ್ಟಿಯನ್ನೂ ಕೊಟ್ಟು ಕಳಿಸಿದ್ದ. ಸುಡಾನಿನವರು ಎಂದರೆ ಬಂದೂಕಿನವರು ಎಂದು ಯಾರಾದರೂ ಅಂದರೆ ನಾನು ಸುಮ್ಮನಿರುವುದಿಲ್ಲ.

ಎಲ್ ಫಶೇರ್ ಎಂಬ ದೂರದ ಊರಿನಲ್ಲಿ ನಮ್ಮವರೇ ಬೇರೆ ಕೆಲವರು ಸಿಕ್ಕಿಕೊಂಡಿದ್ದರು. ನನ್ನ ಫೋನಿಗೆ ಚಾರ್ಜು ಇರುವಷ್ಟು ಹೊತ್ತು ಒಬ್ಬರಿಗೊಬ್ಬರು ಬದುಕಿದ್ದೇವೆಂದು ಹೇಳಿಕೊಳ್ಳುತ್ತಿದ್ದೆವು. ಅಲ್ಲಿಂದ ನಮ್ಮ ಹುಡುಗರು ವಿಡಿಯೊ ಮಾಡಿ ಕಳಿಸಿದ್ದರು. ಏಪ್ರಿಲ್ 18ರಂದು ಸಿದ್ದರಾಮಯ್ಯನವರು, 31 ಹಕ್ಕಿಪಿಕ್ಕಿಗಳು ಸುಡಾನಿನಲ್ಲಿ ಸಿಕ್ಕಿಕೊಂಡಿದ್ದಾರೆ, ಕರೆತನ್ನಿ ಎಂದು ಟ್ವಿಟರ್‌ನಲ್ಲಿ ಬರೆದರು. ವಿದೇಶಾಂಗ ಸಚಿವ ಜೈಶಂಕರ್ ಅವರು ಅದಕ್ಕೆ ಗಡುಸಾಗಿಯೇ ಉತ್ತರ ಕೊಟ್ಟರು. ಇಲ್ಲಿ ಚುನಾವಣೆಯ ಕಾವು. ಅಲ್ಲಿ ನಾವು ಲೋಟದಲ್ಲಿ ಅಳೆದು ನೀರು ಕುಡಿಯುತ್ತಿದ್ದೆವು. ಆದರೂ ಒಂದು ಮಾತು ನಿಜ. ಆ ದಿನಗಳಲ್ಲಿ ನಮ್ಮ ಹೆಸರು ಯಾರೋ ಬರೆದುಕೊಂಡರು. ರಾಯಭಾರ ಕಚೇರಿಯ ವಾಟ್ಸ್‌ಆ್ಯಪ್ ಗುಂಪಿಗೆ ನಮ್ಮ ಪಾಸ್‌ಪೋರ್ಟ್ ಫೋಟೊ ಹೋಯಿತು. ಪಟ್ಟಿಯೊಂದರಲ್ಲಿ ನಾವಿದ್ದೆವು.

ರಂಜಾನ್ ಹಬ್ಬದ ದಿನ ಹೂಯೋ ಅನ್ನಕ್ಕೆ ಸಕ್ಕರೆ ಬೆರೆಸಿ ನಮಗೂ ಕೊಟ್ಟಳು. ಏಪ್ರಿಲ್ 24ರಂದು ಆಪರೇಷನ್ ಕಾವೇರಿ ಶುರುವಾಯಿತೆಂಬ ಸುದ್ದಿ ಬಂತು. ಅವತ್ತೇ ರಾತ್ರಿಯಿಂದ 72 ಗಂಟೆಯ ಕದನವಿರಾಮ. ನಮಗೆ ಬಸ್ಸಿನ ಜಾಗ ತಿಳಿಸಿದರು. ಪೋರ್ಟ್ ಸುಡಾನ್‌ವರೆಗೆ 800 ಕಿಲೋಮೀಟರಿಗೂ ಮಿಗಿಲಾದ ದಾರಿ. ಹೊರಡುವ ಬೆಳಿಗ್ಗೆ ಹೂಯೋ ಮಗನನ್ನು ನನ್ನ ಮುಂದೆ ನಿಲ್ಲಿಸಿ, ಇವನೊಬ್ಬನನ್ನಾದರೂ ನಿನ್ನ ತಮ್ಮನೆಂದು ಕರೆದುಕೊಂಡು ಹೋಗಲು ಆಗುತ್ತದೆಯೇ ಎಂದು ಕೇಳಿಸಿದಳು. ಕೇಳಿಸಿದ್ದೂ ಅವನ ಬಾಯಿಂದಲೇ. ಅವನು ತಲೆ ತಗ್ಗಿಸಿ ಹಿಂದಿಯಲ್ಲಿ ಹೇಳಿದ. ಬಸ್ಸಿನ ಬಾಗಿಲಲ್ಲಿ ಪಾಸ್‌ಪೋರ್ಟು ನೋಡಿ ಹೆಸರು ಕೂಗುತ್ತಾರೆ, ಆಗುವುದಿಲ್ಲ ಎಂದು ನಾನು ಹೇಳಿದೆ. ಅವಳು ಕೋಪಿಸಿಕೊಳ್ಳಲಿಲ್ಲ. ತಿಳಿದೇ ಕೇಳಿದ್ದಳು. ಉಳಿದಿದ್ದ ನೀರು, ಅಕ್ಕಿ, ಎಣ್ಣೆಯ ಬಾಟಲಿಗಳೆಲ್ಲವನ್ನೂ ಅವರ ಮನೆಗೆ ಇಟ್ಟು ಬಂದೆವು.

ದಾರಿಯಲ್ಲಿ ತಡೆದು ತಡೆದು ಇಳಿಸಿದರು. ಬಿಸಿಲಿಗೆ ಬಸ್ಸಿನ ತಗಡು ಮುಟ್ಟುವಂತಿರಲಿಲ್ಲ. ಪೋರ್ಟ್ ಸುಡಾನಿನಲ್ಲಿ ಒಂದು ಶಾಲೆಯಲ್ಲಿ ನೆಲದ ಮೇಲೆ ಮಲಗಿದೆವು. ಆಮೇಲೆ ನೌಕಾಪಡೆಯ ಹಡಗು. ಮೊದಲ ತಂಡದ 278 ಜನರನ್ನು ಐಎನ್‌ಎಸ್ ಸುಮೇಧಾ ಏಪ್ರಿಲ್ 25ರಂದೇ ಜೆಡ್ಡಾಕ್ಕೆ ಕರೆದೊಯ್ದಿತ್ತು. ನಮ್ಮದು ಅದರ ನಂತರದ ಹಡಗು. ಸಮುದ್ರವನ್ನೇ ಕಾಣದ ನಮ್ಮ ಹೆಂಗಸರು ವಾಂತಿ ಮಾಡಿ ಸುಸ್ತಾದರು, ಹಡಗಿನ ಹುಡುಗರು ಅಕ್ಕಾ, ಅಮ್ಮಾ ಎನ್ನುವ ಹಾಗೆಯೇ ನೋಡಿಕೊಂಡರು. ಜೆಡ್ಡಾದ ಭಾರತೀಯ ಶಾಲೆಯಲ್ಲಿ ಅನ್ನ, ಸಾರು ತಿಂದೆವು. ಏಪ್ರಿಲ್ 28ರಂದು 362 ಜನರ ವಿಮಾನದಲ್ಲಿ ಬೆಂಗಳೂರಿಗೆ ಇಳಿದೆವು. ಹಳದಿ ಜ್ವರದ ಲಸಿಕೆಯ ಚೀಟಿ ಇಲ್ಲದವರನ್ನು ಬೇರೆಯಾಗಿ ಇರಿಸಿಕೊಂಡರು. ದಾರಿಯಲ್ಲಿ ಕಳೆದುಹೋದ ಚೀಟಿಗೆ ಯಾರು ಉತ್ತರ ಕೊಡುವುದು? ಮಕ್ಕಳ ಮುಖ ನೋಡಲು ಮತ್ತೆ ಕಾದೆವು. ಮೇ 5ಕ್ಕೆ ಕಾರ್ಯಾಚರಣೆ ಮುಗಿದಾಗ ಒಟ್ಟು 3,862 ಜನ ಬಂದಿದ್ದರು. ಮೇ 7ರಂದು ಪ್ರಧಾನಿ ಶಿವಮೊಗ್ಗಕ್ಕೆ ಬಂದಾಗ ನಮ್ಮ ಕೆಲವರನ್ನು ಮಾತಾಡಿಸಿದರು, ಫೋಟೊ ಪತ್ರಿಕೆಯಲ್ಲಿ ಬಂತು. ನಮ್ಮ ಜೀವ ಉಳಿಸಿದವರಿಗೆಲ್ಲ ನಾನು ಋಣಿ. ಇದನ್ನು ಯಾವ ಪಕ್ಷದ ಮುಂದೆಯೂ ಹೇಳುತ್ತೇನೆ.

ಆದರೆ ಸಾಲಗಾರ ಮರುವಾರವೇ ಬಾಗಿಲಿಗೆ ಬಂದ. ಯುದ್ಧವಾಯಿತು ಎಂದರೆ ಬಡ್ಡಿ ನಿಲ್ಲುವುದಿಲ್ಲ. ಎಣ್ಣೆಯ ಬಂಡವಾಳ ಖಾರ್ಟೂಮಿನಲ್ಲೇ ಉಳಿದಿತ್ತು, ಲಂಗದ ಅಂಚಿನ ದುಡ್ಡು ದಾರಿಗೇ ಮುಗಿದಿತ್ತು. ನನ್ನ ಕಿವಿಯ ಓಲೆ ಹೋಯಿತು. ದೊಡ್ಡ ಮಗಳ ಶಾಲೆ ಒಂದು ವರ್ಷ ನಿಂತಿತು, ಅದೇ ನನಗೆ ಗುಂಡಿನ ಸದ್ದಿಗಿಂತ ಹೆಚ್ಚು ನೋವು ಕೊಟ್ಟದ್ದು. ಸದಾಶಿವಪುರದ ನಮ್ಮ ಹಕ್ಕಿಪಿಕ್ಕಿ ಕ್ಯಾಂಪಿನ ಗಂಡಸರು ಒಬ್ಬೊಬ್ಬರಾಗಿ ಮತ್ತೆ ಬೇರೆ ಬೇರೆ ದೇಶಕ್ಕೆ ಹೊರಟರು. ನಮ್ಮ ಯಜಮಾನರೂ ಹೋದರು. ಹಳೆಯ ಸಾಲ ತೀರಿಸಲು ಹೊಸ ಸಾಲ.

ಹೂಯೋಳ ಮಗ ಕೆಲವು ತಿಂಗಳ ನಂತರ ಸಿಕ್ಕಿದ, ಫೋನಿನಲ್ಲಿ. ಅವರು ಗೆದಾರಿಫ್ ದಾಟಿ ಇಥಿಯೋಪಿಯಾದ ಗಡಿಗೆ ಹೋಗಿ, ಅಲ್ಲಿಂದ ಸೋಮಾಲಿಯಾಕ್ಕೆ ಮರಳಿದ್ದಾರೆ. ಓದು ಅರ್ಧಕ್ಕೆ ನಿಂತಿದೆ. ವಿಶ್ವವಿದ್ಯಾಲಯದ ದಾಖಲೆಗಳು ಅವನ ಕೈಗೆ ಬಂದಿಲ್ಲ. 1991ರಲ್ಲಿ ಬಿಟ್ಟು ಓಡಿದ ಊರಿಗೇ ಹೂಯೋ ಹೆಣ್ಣುಮಕ್ಕಳ ಕೈಹಿಡಿದು ವಾಪಸು ಹೋಗಿದ್ದಾಳೆ, ಆ ಊರಿನ ಮೇಲೆ ನಂಬಿಕೆ ಬಂದು ಅಲ್ಲ, ಬೇರೆ ಊರು ಉಳಿಯಲಿಲ್ಲವೆಂದು. ಸುಡಾನಿನ ಯುದ್ಧ ಒಂದು ಕೋಟಿಗೂ ಹೆಚ್ಚು ಜನರನ್ನು ಮನೆ ಬಿಡಿಸಿದೆ. ನಮ್ಮವರಿದ್ದ ಎಲ್ ಫಶೇರ್ ವರ್ಷಕ್ಕೂ ಹೆಚ್ಚು ಕಾಲದ ಮುತ್ತಿಗೆಯಲ್ಲಿ ಹಸಿದು, 2025ರ ಅಕ್ಟೋಬರ್ 26ರಂದು ಆರ್‌ಎಸ್‌ಎಫ್ ಕೈಗೆ ಬಿತ್ತು. ಅಲ್ಲಿಂದ ಬಂದ ನಮ್ಮ ಹುಡುಗರು ತಮ್ಮ ಮನೆ ಮಾಲೀಕನ ನಂಬರಿಗೆ ಈಗಲೂ ಫೋನು ಮಾಡುತ್ತಾರೆ, ಹೋಗುವುದಿಲ್ಲ.

ನಾನೀಗ ಮಕ್ಕಳೊಂದಿಗೆ ಸದಾಶಿವಪುರದಲ್ಲೇ ಇದ್ದೇನೆ. ಕ್ಯಾಂಪಿನ ಹೆಂಗಸರು ಸೇರಿ ಸಂಘ ಮಾಡಿಕೊಂಡು ನಮ್ಮ ಹೆಸರಿನಲ್ಲೇ ಎಣ್ಣೆ ತಯಾರಿಸುವ ಪರವಾನಗಿಗೆ ಓಡಾಡುತ್ತಿದ್ದೇವೆ. ಇಂಟರ್‌ನೆಟ್ಟಿನಲ್ಲಿ ‘ಆದಿವಾಸಿ ಎಣ್ಣೆ’ ಎಂದು ಯಾರು ಯಾರೋ ಮಾರಿ ದುಡ್ಡು ಮಾಡುವಾಗ, ಅದನ್ನು ಕಾಯಿಸುವವರಿಗೆ ಕಡಿಮೆ ಬಡ್ಡಿಯ ಸಾಲ, ಒಂದು ಶೆಡ್ಡು, ಒಂದು ಪರವಾನಗಿ ಕೊಡುವುದು ಸರ್ಕಾರಕ್ಕೆ ಹಡಗು ಕಳಿಸುವಷ್ಟು ಕಷ್ಟದ ಕೆಲಸವಲ್ಲ. ಕಚೇರಿಯಲ್ಲಿ ಇನ್ನೊಂದು ಕಾಗದ ತರಲು ಹೇಳಿದ್ದಾರೆ. ಸೋಮವಾರ ತೆಗೆದುಕೊಂಡು ಹೋಗುತ್ತೇವೆ.