ಕಲ್ಲಿನ ಕುದುರೆ, ಕಾಡಿನ ಮನುಷ್ಯ

ರಜೆ ಬಂದರೆ ಕೊಪ್ಪಳ, ಗಂಗಾವತಿಗಳ ಮನೆಮಂದಿ ಆನೆಗೊಂದಿಯ ಹಾದಿಯಾಗಿ ಹಂಪೆಗೆ ಹೋಗುವುದುಂಟು. ಮಹಾನವಮಿ ದಿಬ್ಬದ ಕಲ್ಲಿನಲ್ಲಿ ಕುದುರೆಗಳಿವೆ, ಅವನ್ನು ತಂದ ಪರದೇಶದ ವರ್ತಕರಿದ್ದಾರೆ. ಕಡಲು ದಾಟಿ ಗೋವೆಯ ರೇವಿಗೆ ಇಳಿದ ಕುದುರೆಗೆ ವಿಜಯನಗರದಲ್ಲಿ ಅಷ್ಟು ಮನ್ನಣೆ!

ಅದೇ ಗೋವೆಯನ್ನು 1510ರಲ್ಲಿ ಗೆದ್ದ ಪೋರ್ಚುಗೀಸರು ಅಲ್ಲಿ ಮನುಷ್ಯರನ್ನೂ ಇಳಿಸಿದರು. ಮೊಜಾಂಬಿಕ್ ಮೊದಲಾದ ಪೂರ್ವ ಆಫ್ರಿಕದ ತೀರಗಳಿಂದ ಗಂಡಸರು, ಹೆಂಗಸರು, ಮಕ್ಕಳು ಹಡಗಿನಲ್ಲಿ ಬಂದು ಮಾರಾಟವಾದರು. ಜ್ಞಾನಸ್ನಾನದೊಡನೆ ಹೊಸ ಹೆಸರು ಬಂದಿತು; ತಾಯಿ ಇಟ್ಟ ಹೆಸರು ಅಳಿಯಿತು. ತಪ್ಪಿಸಿಕೊಂಡವರು ಘಟ್ಟವನ್ನೇರಿದರು. ಯಲ್ಲಾಪುರ, ಹಳಿಯಾಳ, ಅಂಕೋಲೆಗಳ ಕಾಡು ಅವರನ್ನು ಮಡಿಲಲ್ಲಿ ಮರೆಮಾಡಿತು. ಪೋರ್ಚುಗಲ್ ತನ್ನ ವಸಾಹತುಗಳಲ್ಲಿ ಗುಲಾಮಗಿರಿಯನ್ನು ರದ್ದುಪಡಿಸಿದ್ದು 1869ರಲ್ಲಿ.

ಆ ಕಾಡಿನ ಸಿದ್ದಿಯರು ಅಂಥವರ ಸಂತತಿ. ಹಿಂದೂ, ಮುಸಲ್ಮಾನ, ಕ್ರೈಸ್ತರೆಂದು ಮೂರು ಮತಗಳಲ್ಲಿ ಹಂಚಿಹೋದರೂ ಡಮಾಮಿಯ ದನಿ ಎದ್ದರೆ ಎಲ್ಲರ ಹೆಜ್ಜೆಯೂ ಒಂದೇ. ಉತ್ತರ ಕನ್ನಡದ ಸಿದ್ದಿಯರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು 2003ರಲ್ಲಿ. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ಬಂದವರಿಗೆ ನಾಡು ಮನೆಯಾಗಲು ಎಷ್ಟು ತಲೆಮಾರು ಬೇಕಾಯಿತು!

ದಿಬ್ಬದ ಬಳಿ ಮಗುವನ್ನು ಎತ್ತಿಕೊಂಡು ಕುದುರೆ ತೋರಿಸುವ ತಾಯಿ ಅದೇ ಕಡಲನ್ನು ದಾಟಿ ಬಂದ ಮನುಷ್ಯನ ಕಥೆಯನ್ನೂ ಹೇಳಲಿ. ಕುದುರೆಯ ನೆನಪಿಗೆ ಕಲ್ಲಿದೆ. ಅವನ ನೆನಪಿಗೆ ನಮ್ಮ ನಾಲಗೆಯೇ ಆಗಬೇಕು.